ಗುತ್ತಿನ ಮನೆ

ಗುತ್ತಿನ ಮನೆ ಎಂದರೆ ತುಳುನಾಡಿನಲ್ಲಿ ಗ್ರಾಮದ ಆಡಳಿತ, ನ್ಯಾಯತೀರ್ಮಾನ ಮತ್ತು ದೈವಾರಾಧನೆಯ ಹೊಣೆಯನ್ನು ವಂಶಪಾರಂಪರ್ಯವಾಗಿ ಹೊತ್ತ ಬಂಟ ಅಥವಾ ಜೈನ ಮನೆತನದ ಮೂಲಮನೆ. ಮುರಕಲ್ಲು ಅಥವಾ ಮಣ್ಣಿನ ದಪ್ಪ ಗೋಡೆ, ಕೆತ್ತನೆಯ ಮರದ ಕಂಬಗಳ ಚಾವಡಿ, ಇಳಿಜಾರು ಮಾಡು, ಹೊರಅಂಗಳ ಮತ್ತು ಪಡಿಪ್ಪಿರೆ ಇದರ ಮುಖ್ಯ ಲಕ್ಷಣಗಳು. ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳಲ್ಲಿ ಇಂತಹ ಮನೆಗಳು ಕಾಣಸಿಗುತ್ತವೆ. ಮೂಡುಬಿದಿರೆ, ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳು ಇವುಗಳ ಪ್ರಮುಖ ನೆಲೆಗಳಲ್ಲಿ ಸೇರಿವೆ; ಮಿಜಾರಿನ ಮಿಜಾರುಗುತ್ತು ಈ ಭಾಗದ ಹೆಸರಾಂತ ಗುತ್ತುಗಳಲ್ಲಿ ಒಂದು. ಗುತ್ತು ಎಂಬುದು ಕಟ್ಟಡದ ಹೆಸರೂ ಹೌದು, ಮನೆತನದ ಸ್ಥಾನಮಾನದ ಹೆಸರೂ ಹೌದು. ಈ ಲೇಖನದಲ್ಲಿ ಮನೆತನವನ್ನು ಸೂಚಿಸುವಾಗ ‘ಗುತ್ತು’ ಎಂದೂ ಕಟ್ಟಡವನ್ನು ಸೂಚಿಸುವಾಗ ‘ಗುತ್ತಿನ ಮನೆ’ ಎಂದೂ ಬಳಸಲಾಗಿದೆ.

ಉಗಮ ಮತ್ತು ಇತಿಹಾಸ

ಕರಾವಳಿಯಲ್ಲಿ ಅಳುಪರ ಆಳ್ವಿಕೆ ಕುಂದಿದ ಬಳಿಕ ವಿಜಯನಗರದ ಅರಸರು ಬಾರಕೂರು ಮತ್ತು ಮಂಗಳೂರು ರಾಜ್ಯಗಳ ಮೂಲಕ ಈ ಪ್ರದೇಶವನ್ನು ಆಳಿದರು. ಅವರ ಅಧೀನದಲ್ಲಿ ಚೌಟ, ಬಂಗ, ಅಜಿಲ, ಸಾವಂತ, ಭೈರರಸ ಮೊದಲಾದ ಸ್ಥಳೀಯ ಮನೆತನಗಳು ತಮ್ಮ ತಮ್ಮ ಸೀಮೆಗಳನ್ನು ನೋಡಿಕೊಳ್ಳುತ್ತಿದ್ದವು. ಸೀಮೆಯೊಳಗೆ ಹಲವು ಗ್ರಾಮಗಳು ಸೇರಿ ಒಂದು ಮಾಗಣೆಯಾಗುತ್ತಿತ್ತು. ಮಾಗಣೆ ಮತ್ತು ಗ್ರಾಮದ ಮಟ್ಟದಲ್ಲಿ ಕಂದಾಯ ವಸೂಲಿ, ಜಗಳಗಳ ತೀರ್ಮಾನ, ದೈವ–ದೇವಸ್ಥಾನಗಳ ಉತ್ಸವ, ಕಾಲಕಾಲದ ಬೇಸಾಯದ ಆರಂಭ ಇವೆಲ್ಲ ಬೀಡು ಮತ್ತು ಗುತ್ತುಗಳ ಹೊಣೆಯಾಗಿದ್ದವು. ಮುಂದೆ ಕೆಳದಿ ನಾಯಕರ ಕಾಲದಲ್ಲಿಯೂ ಹೈದರಾಲಿ–ಟಿಪ್ಪು ಸುಲ್ತಾನರ ಕಾಲದಲ್ಲಿಯೂ ಮೇಲಿನ ಅಧಿಕಾರ ಕೈಬದಲಾಯಿಸಿತು. ಆದರೆ ಗ್ರಾಮದ ಹಂತದ ಈ ಏರ್ಪಾಡು ಬಹುಮಟ್ಟಿಗೆ ಉಳಿಯಿತು.

1799ರಲ್ಲಿ ಕೆನರಾ ಬ್ರಿಟಿಷರ ವಶವಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಭೂಕಂದಾಯವನ್ನು ನೇರವಾಗಿ ವರ್ಗದಾರರ (ಭೂಮಿಯ ಹಕ್ಕುದಾರರ) ಮೇಲೆ ನಿಗದಿ ಮಾಡಿದ. ರಾಜಕೀಯ ಅಧಿಕಾರ ಕಳೆದುಕೊಂಡ ಗುತ್ತುಗಳು ವರ್ಗದ ಭೂಮಿಯ ಒಡೆಯರಾಗಿ ಮುಂದುವರಿದವು. ಮೂಲಗೇಣಿ (ಶಾಶ್ವತ ಗೇಣಿ) ಮತ್ತು ಚಾಲಗೇಣಿಯ (ಬದಲಿಸಬಹುದಾದ ಗೇಣಿ) ಒಕ್ಕಲುಗಳಿಂದ ಅಕ್ಕಿ ಮುಡಿಗಳ ಲೆಕ್ಕದಲ್ಲಿ ಗೇಣಿ ಬರುತ್ತಿತ್ತು. ಹದಿನಾಲ್ಕು ಸೇರಿನ ಕಳಸೆಯಲ್ಲಿ ಮೂರು ಕಳಸೆ, ಅಂದರೆ 42 ಸೇರು ಅಕ್ಕಿ ಒಂದು ಮುಡಿ. ದೊಡ್ಡ ಚಾವಡಿ, ವಿಶಾಲ ಅಂಗಳ ಮತ್ತು ಹಲವು ಕಣಜಗಳ ಮನೆಯನ್ನು ಕಟ್ಟಲು ಹಾಗೂ ವರ್ಷವರ್ಷ ಕಾಪಾಡಲು ಬೇಕಾದ ಆದಾಯ ಈ ಗೇಣಿಯಿಂದಲೇ ಒದಗುತ್ತಿತ್ತು.

ಗುತ್ತಿನ ಮನೆಯ ಒಡೆತನ ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿತ್ತು. ಆಸ್ತಿ ಮತ್ತು ಹೆಸರು ಹೆಣ್ಣಿನ ಸಂತತಿಯಲ್ಲಿ ಸಾಗುತ್ತಿದ್ದವು. ಆಡಳಿತ ನಡೆಸುವ ಯಜಮಾನಿಕೆ ಸಾಮಾನ್ಯವಾಗಿ ಮಾವನಿಂದ ಸೋದರಳಿಯನಿಗೆ ಬರುತ್ತದೆ. ಒಬ್ಬ ಮೂಲಸ್ತ್ರೀಯ ಹೆಣ್ಣುಸಂತತಿಯವರೆಲ್ಲ ಸೇರಿ ‘ಕುಟುಂಬ’ವೆನಿಸಿಕೊಳ್ಳುತ್ತಾರೆ, ಅದರೊಳಗಿನ ಕವಲು ‘ಕವರು’. ಮನೆ ಒಬ್ಬನ ಸ್ವತ್ತಾಗದೆ ಇಡೀ ಕುಟುಂಬದ ಸ್ವತ್ತಾಗಿದ್ದುದರಿಂದ ತಲೆಮಾರುಗಳ ಕಾಲ ಅದು ಒಡೆಯದೆ ಉಳಿಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿನ ಹಕ್ಕನ್ನು ಕ್ರಮಬದ್ಧಗೊಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಕುಟುಂಬ ಮತ್ತು ಕವರುಗಳ ಆಸ್ತಿಗೆ ಪ್ರತ್ಯೇಕ ನಿಯಮವನ್ನು ಮಾಡಿತು.

ನಿವೇಶನ ಮತ್ತು ವಿನ್ಯಾಸ

ಗುತ್ತಿನ ಮನೆ ಸಾಮಾನ್ಯವಾಗಿ ಗುಡ್ಡದ ಬುಡದಲ್ಲಿ, ಗದ್ದೆಯ ಬಯಲಿಗಿಂತ ತುಸು ಎತ್ತರದಲ್ಲಿ ಇರುತ್ತದೆ. ಹಿಂದೆ ಗುಡ್ಡ ಮತ್ತು ಹಾಡಿ, ಬದಿಯಲ್ಲಿ ಅಡಕೆ–ತೆಂಗಿನ ತೋಟ, ಮುಂದೆ ಗದ್ದೆ ಎಂಬುದು ರೂಢಿಯ ಕ್ರಮ. ಮನೆಯೆದುರಿನ ದೊಡ್ಡ ಗದ್ದೆಗೆ ಬಾಕಿಮಾರು ಎಂದು ಹೆಸರು. ಮನೆತನಕ್ಕೆ ಕಂಬಳದ ಕಟ್ಟುಕಟ್ಟಳೆ ಇದ್ದರೆ ಕಂಬಳಗದ್ದೆಯೂ ಹತ್ತಿರದಲ್ಲೇ ಇರುತ್ತದೆ. ನಾಗಬನ, ದೈವದ ಸ್ಥಾನ, ಬಾವಿ, ಹಟ್ಟಿ ಮತ್ತು ಬೈಹುಲ್ಲಿನ ಕೊಟ್ಟಿಗೆ ಆವರಣದ ಇತರ ಅಂಗಗಳು.

ಪಡಿಪ್ಪಿರೆ: ಆವರಣದ ಪ್ರವೇಶದಲ್ಲಿರುವ ಮಾಡಿನ ಹೆಬ್ಬಾಗಿಲು. ಇದರ ಎರಡೂ ಬದಿಗೆ ಕೂರುವ ಜಗಲಿಗಳಿರುತ್ತವೆ. ಕಾವಲಿನವರು, ದಾರಿಹೋಕರು ಮತ್ತು ಕೆಲಸದ ಮೇಲೆ ಬಂದವರು ಇಲ್ಲಿ ಕಾಯುತ್ತಿದ್ದರು. ದೊಡ್ಡ ಮನೆಗಳಲ್ಲಿ ಪಡಿಪ್ಪಿರೆಗೆ ಮೇಲಂತಸ್ತೂ ಇರುತ್ತದೆ.

ಅಂಗಳ: ತುಳುವಿನಲ್ಲಿ ಜಾಲ್. ಭತ್ತ ಬಡಿಯುವುದು, ಒಣಗಿಸುವುದು, ಅಡಕೆ ಹರಡುವುದು, ನೇಮ (ದೈವದ ಉತ್ಸವ) ಮತ್ತು ಮದುವೆಯ ಚಪ್ಪರ ಎಲ್ಲಕ್ಕೂ ಇದೇ ಜಾಗ. ಮಳೆಗಾಲ ಮುಗಿದ ಕೂಡಲೆ ಹುಲ್ಲು ಕೆತ್ತಿ, ಮಣ್ಣು ಬಡಿದು, ಸೆಗಣಿ ಸಾರಿಸಿ ಅಂಗಳವನ್ನು ಹೊಸದಾಗಿ ಸಿದ್ಧಪಡಿಸುತ್ತಾರೆ. ನಡುವೆ ತುಳಸಿಕಟ್ಟೆ ಇರುತ್ತದೆ.

ಚಾವಡಿ: ಮನೆಯ ಮುಂಭಾಗದ ಕಂಬಗಳ ಪಡಸಾಲೆ ಮತ್ತು ಇಡೀ ಕಟ್ಟಡದ ಮುಖ್ಯ ಭಾಗ. ಯಜಮಾನ ಕೂತು ಪಂಚಾಯಿತಿ ನಡೆಸುತ್ತಿದ್ದುದು ಇಲ್ಲಿ. ಅಂಗಳದಿಂದ ಚಾವಡಿಗೆ ಶಿಲೆಕಲ್ಲಿನ ಮೆಟ್ಟಿಲುಗಳಿವೆ. ಚಾವಡಿಯಲ್ಲಿ ಒಂದಕ್ಕಿಂತ ಹೆಚ್ಚು ಎತ್ತರದ ನೆಲೆಗಳಿದ್ದು, ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಹಿಂದೆ ಕಟ್ಟುನಿಟ್ಟಿನ ಕ್ರಮವಿತ್ತು. ಕೆಲವು ಮನೆಗಳಲ್ಲಿ ಚಾವಡಿಯ ಮುಂಬದಿಗೆ ಮರದ ದಳಿಗಳನ್ನು ಹೊಂದಿಸಿ ಗಾಳಿ–ಬೆಳಕು ಬರುವಂತೆಯೂ ಹೊರಗಿನವರಿಗೆ ಒಳಗು ಕಾಣದಂತೆಯೂ ಮಾಡಿರುತ್ತಾರೆ.

ದೈವದ ಕೋಣೆ: ಚಾವಡಿಗೆ ಹೊಂದಿಕೊಂಡಿರುವ ಈ ಕೋಣೆಯಲ್ಲಿ ಮನೆತನದ ಧರ್ಮದೈವದ ಮಂಚ ಅಥವಾ ಉಯ್ಯಾಲೆ ಇರುತ್ತದೆ. ಗ್ರಾಮದೈವದ ಮೊಗ (ಮುಖವಾಡ), ಕಡ್ತಲೆ (ಖಡ್ಗ), ಗಂಟೆ ಮತ್ತು ಆಭರಣಗಳು ಸೇರಿದ ಭಂಡಾರ ಗುತ್ತಿನ ವಶದಲ್ಲಿದ್ದರೆ ಅದಕ್ಕೆ ಬೇರೆಯೇ ಕೋಣೆ ಇರುತ್ತದೆ.

ಒಳಮನೆ: ಒಳಂಗಳ ಇದ್ದಲ್ಲಿ ಅದರ ಸುತ್ತ ಮಲಗುವ ಕೋಣೆ, ಬಾಣಂತಿ ಕೋಣೆ, ಅಡುಗೆ ಕೋಣೆ ಮತ್ತು ಉಗ್ರಾಣಗಳಿವೆ. ಬಚ್ಚಲು ಹಿಂಬದಿಯಲ್ಲಿ, ಬಾವಿಗೆ ಹತ್ತಿರವಾಗಿ ಇರುತ್ತದೆ. ಮೇಲೆ ಅಟ್ಟ, ದೊಡ್ಡ ಮನೆಗಳಲ್ಲಿ ವಾಸಕ್ಕೆ ಯೋಗ್ಯವಾದ ಉಪ್ಪರಿಗೆ. ಭತ್ತಕ್ಕೆ ಮರದ ಹಲಗೆಯ ದೊಡ್ಡ ಪತ್ತಾಯಗಳಿವೆ. ಅಂಗಳದಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಕಟ್ಟುವ ತುಪ್ಪೆಯಲ್ಲಿಯೂ ಭತ್ತವನ್ನು ಕೂಡಿಡುತ್ತಿದ್ದರು.

ನಿರ್ಮಾಣ ಸಾಮಗ್ರಿ ಮತ್ತು ತಂತ್ರ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗುತ್ತಿನ ಮನೆಯ ರಚನೆ ಈ ಮಳೆಗೆ ಹೊಂದಿಕೊಂಡಿದೆ: ಎತ್ತರದ ಪಂಚಾಂಗ, ದಪ್ಪ ಗೋಡೆ, ಕಡಿದಾದ ಮಾಡು ಮತ್ತು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿದ ಸೂರು.

ಗೋಡೆ: ಹಳೆಯ ಮನೆಗಳಲ್ಲಿ ಹದಮಾಡಿದ ಕೆಂಪುಮಣ್ಣನ್ನು ವರಸೆವರಸೆಯಾಗಿ ಏರಿಸಿದ ಗೋಡೆಗಳಿವೆ, ನಂತರದವುಗಳಲ್ಲಿ ಮುರಕಲ್ಲಿನ ಗೋಡೆಗಳಿವೆ. ಮುರಕಲ್ಲು ನೆಲದೊಳಗಿರುವಾಗ ಮೆತ್ತಗಿದ್ದು ಕೊಡಲಿಯಂತಹ ಉಳಿಯಿಂದಲೇ ಕಡಿಯಲು ಬರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕಲ್ಲುಗಳನ್ನು ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಕರಾವಳಿಯಲ್ಲಿ ಸುಣ್ಣಕ್ಕೆ ಮುಖ್ಯ ಮೂಲ ನದಿ–ಅಳಿವೆಗಳ ಚಿಪ್ಪು. ಸುಟ್ಟ ಚಿಪ್ಪನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಬೆಲ್ಲದ ನೀರಿನಲ್ಲಿ ಅರೆದು ಗಾರೆ ಮಾಡುತ್ತಿದ್ದರು.

ಮರ: ಹಲಸು, ಸಾಗುವಾನಿ, ಬೋಗಿ ಮತ್ತು ಬೀಟೆ ಮುಖ್ಯ ಮರಗಳು. ಕಂಬ, ಬಾಗಿಲು ಮತ್ತು ದಾರಂದಕ್ಕೆ ಹಲಸು ಹಾಗೂ ಸಾಗುವಾನಿ, ತೊಲೆಗಳಿಗೆ ಬೋಗಿಯಂತಹ ಗಟ್ಟಿಮರ ಹೆಚ್ಚು ಬಳಕೆಯಾಗಿವೆ. ಹಲಸಿನ ಮರ ಮೊದಲಿಗೆ ಹಳದಿಯಾಗಿದ್ದು ವರ್ಷ ಕಳೆದಂತೆ ಕಡುಗೆಂಪು ಕಂದುಬಣ್ಣಕ್ಕೆ ತಿರುಗುತ್ತದೆ. ಕಂಬ, ಬೋದಿಗೆ ಮತ್ತು ತೊಲೆಗಳ ಕೂಡುಗಳಲ್ಲಿ ಮೊಳೆಯಿಲ್ಲ; ಒಂದರ ತುದಿಯನ್ನು ಕಿರಿದಾಗಿ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ ಮರದ ಬೆಣೆ ಹೊಡೆಯುತ್ತಾರೆ. ಹೀಗಾಗಿ ಬೆಣೆ ತೆಗೆದರೆ ಇಡೀ ಚೌಕಟ್ಟನ್ನು ಬಿಚ್ಚಿ ಬೇರೆಡೆ ಜೋಡಿಸಬಹುದು.

ಮಾಡು: ತೊಲೆಗಳ ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೊದಿಕೆ ಎಂಬುದು ಮಾಡಿನ ಕ್ರಮ. ಮೊದಲಿಗೆ ಹೊದಿಕೆಯೆಂದರೆ ಮುಳಿಹುಲ್ಲು. ಅದನ್ನು ಕಾಲಕಾಲಕ್ಕೆ ಬದಲಿಸಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಜಾರ್ಜ್ ಪ್ಲೆಬ್‌ಸ್ಟ್ ಇದರ ರೂವಾರಿ. ಒಂದರೊಳಗೊಂದು ಕಚ್ಚಿಕೊಳ್ಳುವ ಈ ಹಂಚು ಬಂದ ಮೇಲೆ ಗುತ್ತಿನ ಮನೆಗಳ ಹೊರರೂಪ ಬದಲಾಯಿತು. ಇಂದು ‘ಹಳೆಯ ಮನೆ’ಯ ಗುರುತಾಗಿರುವ ಕೆಂಪು ಹಂಚಿನ ಮಾಡು ಹೀಗೆ 19ನೇ ಶತಮಾನದ ಉತ್ತರಾರ್ಧಕ್ಕೆ ಸೇರಿದ್ದು, ಅದರ ಕೆಳಗಿನ ಮರದ ಚೌಕಟ್ಟು ಹಲವೆಡೆ ಅದಕ್ಕಿಂತ ಹಳೆಯದು.

ಅಳತೆ: ಮನೆಯ ಅಳತೆಗೆ 24 ಅಂಗುಲದ ಕೋಲು ಆಧಾರ. ಸುತ್ತಳತೆಯಿಂದ ‘ಆಯ’ವನ್ನು ಲೆಕ್ಕಹಾಕುತ್ತಾರೆ. ಎಂಟು ಆಯಗಳಲ್ಲಿ ಧ್ವಜ, ಸಿಂಹ, ವೃಷಭ ಮತ್ತು ಗಜ ಶುಭವೆಂದು ಎಣಿಕೆ. ಮರಗೆಲಸ ವಿಶ್ವಕರ್ಮ ಸಮುದಾಯದ ಆಚಾರಿಗಳದು.

ಕಾಲವನ್ನು ತೋರಿಸುವ ವಿವರಗಳು

ಗುತ್ತಿನ ಮನೆಗಳಲ್ಲಿ ಕಟ್ಟಿದ ವರ್ಷದ ಶಾಸನ ಅಪರೂಪ. ಆದುದರಿಂದ ಕಟ್ಟಡದ ಕಾಲವನ್ನು ಅದರ ಅಂಗಗಳಿಂದಲೇ ಊಹಿಸಬೇಕಾಗುತ್ತದೆ.

ಕಂಬ ಮತ್ತು ಬೋದಿಗೆ: ಕಂಬದ ಬುಡ ತೇವ ಹೀರದಂತೆ ಶಿಲೆಕಲ್ಲಿನ ಪೀಠದ ಮೇಲಿರುತ್ತದೆ. ಕಂಬ ಕೆಳಗೆ ಚೌಕವಾಗಿದ್ದು ನಡುವೆ ಎಂಟು ಮುಖಗಳಾಗಿ ಮೇಲೆ ಮತ್ತೆ ಚೌಕವಾಗುವುದು ಹಳೆಯ ಮಾದರಿ. ಬೋದಿಗೆಯ ತುದಿಗಳು ಬಾಳೆಯ ಪೂಂಬೆಯ ಆಕಾರದಲ್ಲಿ ಕೆಳಗೆ ಇಳಿಯುತ್ತವೆ. ಬಳ್ಳಿ, ತಾವರೆ, ಗಿಳಿ ಮತ್ತು ಸಿಂಹದ ಕೆತ್ತನೆಗಳಿವೆ. ಲೇತ್ ಯಂತ್ರದಲ್ಲಿ ತಿರುಗಿಸಿ ಮಾಡಿದ ನುಣುಪು ಉರುಟು ಕಂಬಗಳು ಸಾಮಾನ್ಯವಾಗಿ ಈಚಿನವು.

ಬಾಗಿಲು ಮತ್ತು ದಾರಂದ: ಪ್ರಧಾನ ಬಾಗಿಲಿನ ದಾರಂದ ಅಗಲವಾಗಿದ್ದು ಪಟ್ಟಿಪಟ್ಟಿಯಾಗಿ ಕೆತ್ತನೆ ಹೊಂದಿರುತ್ತದೆ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಹಳೆಯ ಬಾಗಿಲುಗಳು ತಿರುಗಣಿಯ ಮೇಲೆ ತಿರುಗುತ್ತವೆ: ಹಲಗೆಯ ಮೇಲಿನ ಮತ್ತು ಕೆಳಗಿನ ಮೂಲೆಯಲ್ಲಿ ಉಳಿಸಿದ ಗೂಟ ದಾರಂದದ ಗುಳಿಯೊಳಗೆ ಕೂತಿರುತ್ತದೆ. ಒಳಗಿನಿಂದ ಮರದ ಅಗುಳಿ ಹಾಕುತ್ತಾರೆ. ಕಬ್ಬಿಣದ ಬಿಜಾಗರಿ ಇದ್ದರೆ ಬಾಗಿಲು ನಂತರದ್ದು ಅಥವಾ ದುರಸ್ತಿಯಾದದ್ದು.

ಮುಚ್ಚಿಗೆ: ಚಾವಡಿಯ ಮತ್ತು ಕೋಣೆಗಳ ಮೇಲಿನ ಮರದ ಹಲಗೆಯ ಒಳಮಾಡಿಗೆ ಮುಚ್ಚಿಗೆ ಎಂದು ಹೆಸರು. ಅನುಕೂಲಸ್ಥರ ಮನೆಗಳಲ್ಲಿ ಇದು ಚೌಕಚೌಕವಾಗಿ ವಿಂಗಡವಾಗಿದ್ದು ನಡುನಡುವೆ ತಾವರೆಯ ಕೆತ್ತನೆ ಇರುತ್ತದೆ. ಮುಚ್ಚಿಗೆಯ ಮೇಲೆ ಮಣ್ಣು ಹರಡುವುದರಿಂದ ಬೇಸಿಗೆಯ ಕಾವು ಕೋಣೆಗೆ ಇಳಿಯುವುದಿಲ್ಲ, ಮಾಡಿಗೆ ಬೆಂಕಿ ತಗುಲಿದರೂ ಒಳಗಿನ ಸೊತ್ತಿಗೆ ತಕ್ಷಣ ಅಪಾಯವಿಲ್ಲ.

ನೆಲ: ಮೊದಲಿನ ನೆಲ ಬಡಿದ ಮಣ್ಣಿನದು, ಸೆಗಣಿಗೆ ಮಸಿ ಬೆರೆಸಿ ಸಾರಿಸಿ ಕಪ್ಪಾಗಿ ಹೊಳೆಯುವಂತೆ ಉಜ್ಜುತ್ತಿದ್ದರು. 20ನೇ ಶತಮಾನದಲ್ಲಿ ಸಿಮೆಂಟು ಬಂದ ಮೇಲೆ ರೆಡ್ ಆಕ್ಸೈಡ್‌ನ ಕೆಂಪು ನೆಲ ಹರಡಿತು.

ಹಂಚಿನ ಮುದ್ರೆ: ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಹಂಚುಗಳಲ್ಲಿ ಕಾಣುವ 1865 ಎಂಬ ಅಂಕಿ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಹಂಚು ತಯಾರಾದ ವರ್ಷವಲ್ಲ. ಮೊದಲನೆಯ ಮಹಾಯುದ್ಧದ ಬಳಿಕ ಈ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಮಿಷನ್‌ನ ಹೆಸರಿರುವ ಹಂಚು ಅದಕ್ಕೆ ಮೊದಲಿನದು ಎಂದು ಹೇಳಬಹುದು. ಆದರೆ ಒಂದು ಮನೆಯ ಹಂಚನ್ನು ಇಳಿಸಿ ಇನ್ನೊಂದಕ್ಕೆ ಹೊದಿಸುವುದು ರೂಢಿಯಲ್ಲಿರುವುದರಿಂದ ಹಂಚೊಂದರಿಂದಲೇ ಮನೆಯ ವಯಸ್ಸು ನಿರ್ಧಾರವಾಗದು.

ಪೀಠೋಪಕರಣ: ತೂಗುಮಂಚ, ಹಿತ್ತಾಳೆಯ ತೂಗುದೀಪ, ತಾಮ್ರದ ಹಂಡೆ, ಕಡೆಯುವ ಕಲ್ಲು ಮತ್ತು ಭರಣಿಗಳು ಹಳೆಯ ಬಳಕೆಯವು. ಆರಾಮಕುರ್ಚಿ, ಗೋಡೆ ಗಡಿಯಾರ, ಬಣ್ಣದ ಗಾಜಿನ ಕಿಟಕಿ, ಚೌಕಟ್ಟು ಹಾಕಿದ ಹಿರಿಯರ ಭಾವಚಿತ್ರ ಇವು ಬ್ರಿಟಿಷ್ ಕಾಲದಲ್ಲಿ ಸೇರಿದವು.

ಪ್ರಭೇದಗಳು

ಸ್ಥಾನಮಾನದ ದೃಷ್ಟಿಯಿಂದ ಮನೆಗಳನ್ನು ಅರಮನೆ, ಬೀಡು, ಗುತ್ತು, ಬಾಳಿಕೆ, ಬರ್ಕೆ ಮುಂತಾಗಿ ವಿಂಗಡಿಸುವುದು ವಾಡಿಕೆ. ಅರಮನೆ ಸೀಮೆಯ ಅರಸರದು; ಬೀಡು ಬಲ್ಲಾಳ ಅಥವಾ ಹೆಗ್ಗಡೆ ಮನೆತನದ್ದು; ಗುತ್ತು ಗ್ರಾಮಮಟ್ಟದ್ದು. ಉಳಿದವುಗಳ ಕ್ರಮ ಊರಿಂದೂರಿಗೆ ಬದಲಾಗುತ್ತದೆ. ಒಂದೇ ಗ್ರಾಮದಲ್ಲಿ ಒಂದಕ್ಕಿಂತ ಹೆಚ್ಚು ಗುತ್ತುಗಳಿದ್ದರೆ ಅವುಗಳ ಮರ್ಯಾದೆಯ ಕ್ರಮ ನೇಮದ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. ದೈವ ಪಾತ್ರಿಯ ಮೂಲಕ ಆ ಕ್ರಮದಲ್ಲಿಯೇ ಮನೆತನಗಳನ್ನು ಕರೆಯುತ್ತದೆ.

ವಿನ್ಯಾಸದ ದೃಷ್ಟಿಯಿಂದ ಮೂರು ಬಗೆಗಳಿವೆ. ಒಂದೇ ಸಾಲಿನಲ್ಲಿ ಚಾವಡಿ ಮತ್ತು ಅದರ ಹಿಂದೆ ಕೋಣೆಗಳಿರುವುದು ಸರಳವಾದದ್ದು. ಚಾವಡಿಯ ಎರಡು ಬದಿಗೆ ರೆಕ್ಕೆಯ ಕಟ್ಟಡಗಳಿದ್ದು ಮುಂದೆ ಅಂಗಳ ತೆರೆದಿರುವುದು ಎರಡನೆಯದು. ನಾಲ್ಕೂ ಸುತ್ತ ಕಟ್ಟಡವಿದ್ದು ನಡುವೆ ತೆರೆದ ಒಳಂಗಳವಿರುವ ಸುತ್ತುಮನೆ ಮೂರನೆಯದು. ಜೈನ ಮನೆತನಗಳ ಆವರಣದಲ್ಲಿ ಅಥವಾ ಹತ್ತಿರದಲ್ಲಿ ಬಸದಿ ಇರುವುದುಂಟು; ದೈವಾರಾಧನೆ ಬಂಟ ಮತ್ತು ಜೈನ ಮನೆಗಳೆರಡಕ್ಕೂ ಸಮಾನ.

ಬಳಕೆ

ವಾಸದ ಜೊತೆಗೆ ಗುತ್ತಿನ ಮನೆಗೆ ಮೂರು ಸಾರ್ವಜನಿಕ ಕೆಲಸಗಳಿದ್ದವು.

ಆಡಳಿತ ಮತ್ತು ನ್ಯಾಯ: ಚಾವಡಿಯಲ್ಲಿ ಗಡಿಜಗಳ, ನೀರಿನ ಪಾಲು, ಕುಟುಂಬದ ವ್ಯಾಜ್ಯಗಳ ತೀರ್ಮಾನ ನಡೆಯುತ್ತಿತ್ತು. ಹೊಸ ಯಜಮಾನ ಅಧಿಕಾರ ವಹಿಸುವ ವಿಧಿಗೆ ಗಡಿ ಹಿಡಿಯುವುದು ಎಂದು ಹೆಸರು. ಗಡಿ ಹಿಡಿದವನನ್ನು ಗಡಿಪ್ರಧಾನ ಎನ್ನುತ್ತಾರೆ.

ದೈವಾರಾಧನೆ: ವರ್ಷಾವಧಿ ನೇಮದ ದಿನ ದೈವದ ಭಂಡಾರ ಗುತ್ತಿನ ಮನೆಯಿಂದ ಮೆರವಣಿಗೆಯಲ್ಲಿ ಸ್ಥಾನಕ್ಕೆ ಹೊರಡುತ್ತದೆ, ನೇಮ ಮುಗಿದ ಮೇಲೆ ಅಲ್ಲಿಗೇ ಮರಳುತ್ತದೆ. ಮನೆಯ ಧರ್ಮದೈವಕ್ಕೆ ಚಾವಡಿ ಮತ್ತು ಅಂಗಳದಲ್ಲಿಯೇ ನೇಮ ನಡೆಯುವುದುಂಟು.

ಬೇಸಾಯದ ಆಚರಣೆ: ತೆನೆಹಬ್ಬದಂದು ಗದ್ದೆಯಿಂದ ತಂದ ಭತ್ತದ ತೆನೆಯನ್ನು ತುಳಸಿಕಟ್ಟೆಯ ಬಳಿ ಇಟ್ಟು ಪೂಜಿಸಿ, ಮಾವು, ಹಲಸು ಮುಂತಾದ ಎಲೆಗಳೊಂದಿಗೆ ಸಣ್ಣ ಕಟ್ಟುಗಳಾಗಿ ಮಾಡಿ ಚಾವಡಿಯ ಕಂಬ, ಬಾಗಿಲು, ಪತ್ತಾಯ, ನೇಗಿಲು ಮತ್ತು ಬಾವಿಗೆ ಕಟ್ಟುತ್ತಾರೆ. ಇದಕ್ಕೆ ಮನೆ ತುಂಬಿಸುವುದು, ತುಳುವಿನಲ್ಲಿ ಇಲ್ಲ್ ದಿಂಜಾವುನಿ ಎಂದು ಹೆಸರು. ಹೊಸ ಅಕ್ಕಿಯ ಊಟ, ಕೆಡ್ಡಸ (ಭೂಮಿತಾಯಿಯ ಹಬ್ಬ) ಮತ್ತು ಪತ್ತನಾಜೆ (ತುಳು ಬೇಶ ತಿಂಗಳ ಹತ್ತನೆಯ ದಿನ) ಗುತ್ತಿನ ಮನೆಯಲ್ಲಿ ಕಟ್ಟುಕಟ್ಟಳೆಯಂತೆ ನಡೆಯುವ ಇತರ ದಿನಗಳು.

ಮಿಜಾರು ಮತ್ತು ಸುತ್ತಿನ ಪ್ರದೇಶ

ಮಿಜಾರು ಮಂಗಳೂರು–ಮೂಡುಬಿದಿರೆ ಹೆದ್ದಾರಿಯ ಬದಿಯ ಊರು; ತೆಂಕಮಿಜಾರು ಮತ್ತು ಬಡಗಮಿಜಾರು ಎಂಬ ಎರಡು ಗ್ರಾಮಗಳಾಗಿ ಹಂಚಿಹೋಗಿದೆ. ಇಲ್ಲಿನ ಮಿಜಾರುಗುತ್ತು ಆಳ್ವ ಮನೆತನಕ್ಕೆ ಸೇರಿದ್ದು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಸ್ಥಾಪಕ ಎಂ. ಮೋಹನ ಆಳ್ವ ಈ ಮನೆತನದವರು.

ಮೂಡುಬಿದಿರೆಯ ಚೌಟರ ಅರಮನೆ ಈ ಭಾಗದ ಮರಗೆತ್ತನೆಗೆ ಅತ್ಯುತ್ತಮ ನಿದರ್ಶನ. ಉಳ್ಳಾಲ ಮತ್ತು ಪುತ್ತಿಗೆಗಳಿಂದ ಆಳಿದ ಚೌಟರು ನಂತರ ಮೂಡುಬಿದಿರೆಯಲ್ಲಿ ನೆಲೆಸಿದರು. 17ನೇ ಶತಮಾನದ ಈ ಅರಮನೆಯ ಸ್ವಲ್ಪ ಭಾಗ ಉಳಿದಿದ್ದು ವಂಶಸ್ಥರ ವಾಸದಲ್ಲಿದೆ. ಒಂಬತ್ತು ಮಂದಿ ಸ್ತ್ರೀಯರು ಒಟ್ಟುಗೂಡಿ ಆನೆಯ ರೂಪ ತಳೆದ ನವನಾರೀಕುಂಜರ ಮತ್ತು ಐವರು ಸ್ತ್ರೀಯರು ಕುದುರೆಯಾದ ಪಂಚನಾರೀತುರಗ ಇಲ್ಲಿನ ಮರದ ಕಂಬಗಳಲ್ಲಿವೆ. ಊರಿನ ಸಾವಿರಕಂಬದ ಬಸದಿಯಲ್ಲಿ (1430) ಮನೆಮಾಡಿನ ಇಳಿಜಾರನ್ನು ಕಲ್ಲಿನ ಚಪ್ಪಡಿಗಳಲ್ಲಿ ಮಾಡಿರುವುದು ಕಾಣುತ್ತದೆ. ವಸತಿ ಮತ್ತು ದೇವಾಲಯ ಎರಡರ ವಾಸ್ತುವನ್ನೂ ಕರಾವಳಿಯ ಭಾರಿ ಮಳೆಯೇ ರೂಪಿಸಿದೆ.

ಬೆಳ್ತಂಗಡಿ ತಾಲೂಕಿನಲ್ಲಿ ಅಳದಂಗಡಿಯ ಅಜಿಲರ ಅರಮನೆ, ಧರ್ಮಸ್ಥಳದ ನೆಲ್ಯಾಡಿ ಬೀಡು ಪ್ರಸಿದ್ಧ. ಧರ್ಮದೈವಗಳು ಧರ್ಮಸ್ಥಳದಲ್ಲಿ ನೆಲೆಗೊಂಡ ಐತಿಹ್ಯ ನೆಲ್ಯಾಡಿ ಬೀಡಿಗೆ ಸಂಬಂಧಿಸಿದೆ. ಬಂಟ್ವಾಳ ತಾಲೂಕಿನಲ್ಲಿ ಬಂಗರು ಆಳಿದ ನಂದಾವರ ಮತ್ತು ಏರ್ಯ ಬೀಡು ಇವೆ.

ಇತರ ಮನೆಗಳೊಡನೆ ಹೋಲಿಕೆ

ಕೊಡಗಿನ ಐನ್‌ಮನೆ ಮತ್ತು ಕೇರಳದ ತರವಾಡು ಮನೆಗಳು ಗುತ್ತಿನ ಮನೆಯಂತೆಯೇ ಇಡೀ ಕುಲದ ಮೂಲಮನೆಗಳು. ಇವುಗಳಲ್ಲಿ ಐನ್‌ಮನೆ ಗಂಡುಸಂತತಿಯ ಒಕ್ಕಕ್ಕೆ ಸೇರಿದ್ದು. ಕೇರಳದ ನಾಯರ್ ತರವಾಡು ಗುತ್ತಿನಂತೆ ಹೆಣ್ಣುಸಂತತಿಯದು. ಕೇರಳದ ನಾಲುಕೆಟ್ಟು ಮತ್ತು ತುಳುನಾಡಿನ ಸುತ್ತುಮನೆಗಳ ವಿನ್ಯಾಸ ಹತ್ತಿರದ್ದು. ಗುತ್ತಿನ ಮನೆಯನ್ನು ಉಳಿದವುಗಳಿಂದ ಬೇರ್ಪಡಿಸುವುದು ದೈವದ ಭಂಡಾರ ಮತ್ತು ನ್ಯಾಯದ ಚಾವಡಿ ಒಂದೇ ಮಾಡಿನ ಕೆಳಗಿರುವುದು.

ಅಮೆರಿಕದಲ್ಲಿ 20ನೇ ಶತಮಾನದ ಆರಂಭದಲ್ಲಿ ಹರಡಿದ ‘ಕ್ರಾಫ್ಟ್ಸ್‌ಮನ್’ ಶೈಲಿಯ ಮನೆಗಳಲ್ಲಿಯೂ ಗುತ್ತಿನ ಮನೆಯನ್ನು ಹೋಲುವಂತೆ ಮುಂದೆ ಚಾಚಿದ ಸೂರು, ಹೊರಗೆ ಕಾಣುವ ಪಕ್ಕಾಸು, ದಪ್ಪ ಕಂಬಗಳ ಮುಂಜಗಲಿ, ಮರದ ಕೂಡುಗಳನ್ನು ಮುಚ್ಚದೆ ತೋರಿಸುವ ಕ್ರಮ ಇವೆ. ಗುಸ್ತಾವ್ ಸ್ಟಿಕ್ಲಿ 1901ರಿಂದ 1916ರವರೆಗೆ ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯಿಂದ ಈ ಹೆಸರು ಬಂತು. ಎರಡು ಶೈಲಿಗಳ ನಡುವೆ ಚಾರಿತ್ರಿಕ ಸಂಬಂಧವಿಲ್ಲ. ಕ್ರಾಫ್ಟ್ಸ್‌ಮನ್ ಶೈಲಿ ಯಂತ್ರೋತ್ಪನ್ನಕ್ಕೆ ಎದುರಾಗಿ ಕೈಗೆಲಸವನ್ನು ಬೇಕೆಂದೇ ಆರಿಸಿಕೊಂಡಿತು. ಗುತ್ತಿನ ಮನೆಯ ಕಾಲದಲ್ಲಿ ಕೈಗೆಲಸವಲ್ಲದೆ ಬೇರೆ ಕ್ರಮವೇ ಇರಲಿಲ್ಲ.

ಅವನತಿಯ ಕಾರಣಗಳು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಒಕ್ಕಲುಗಳು ಡಿಕ್ಲರೇಶನ್ ಸಲ್ಲಿಸಿ ಭೂ ನ್ಯಾಯಮಂಡಳಿಗಳ ಮೂಲಕ ಉಳುವ ಭೂಮಿಯ ಒಡೆಯರಾದರು. ತಲೆಮಾರುಗಳಿಂದ ದುಡಿದವರಿಗೆ ಭೂಮಿ ಸಿಕ್ಕಿತು. ಗೇಣಿಯನ್ನೇ ನೆಚ್ಚಿದ್ದ ದೊಡ್ಡ ಮನೆಗಳ ನಿರ್ವಹಣೆಗೆ ಆದಾಯವಿಲ್ಲದಾಯಿತು. ಕುಟುಂಬದ ಸದಸ್ಯರು ಮುಂಬಯಿ, ಬೆಂಗಳೂರು ಮತ್ತು ಕೊಲ್ಲಿ ದೇಶಗಳಿಗೆ ಹೋದರು. ಪಾಲುದಾರರ ಸಂಖ್ಯೆ ಬೆಳೆದು, ದುರಸ್ತಿಗೆ ಎಲ್ಲರ ಒಪ್ಪಿಗೆ ಪಡೆಯುವುದೂ ಕಷ್ಟವಾಯಿತು.

ಕಟ್ಟಡಕ್ಕೆ ಬರುವ ಹಾನಿಯ ಕ್ರಮ ಹೀಗಿದೆ. ಒಂದು ಹಂಚು ಒಡೆದರೆ ಅದರಡಿಯ ರೀಪು ಮತ್ತು ಪಕ್ಕಾಸು ಒಂದೆರಡು ಮಳೆಗಾಲದಲ್ಲಿ ಕೊಳೆಯುತ್ತವೆ. ಮಾಡು ಕುಸಿದಲ್ಲಿ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ಮಣ್ಣಿನ ಗೋಡೆ ಮೇಲಿನಿಂದ ಕರಗತೊಡಗುತ್ತದೆ. ಒದ್ದೆಯಾದ ಮರಕ್ಕೆ ಗೆದ್ದಲು ಏರುತ್ತದೆ. ಜನ ವಾಸವಿದ್ದಾಗ ಅಡುಗೆ ಮತ್ತು ಬಚ್ಚಲಿನ ಒಲೆಯ ಹೊಗೆ ಅಟ್ಟವನ್ನು ಸದಾ ಒಣಗಿಸಿಟ್ಟು ಹುಳು ಬಾರದಂತೆ ಮಾಡುತ್ತಿತ್ತು. ಮನೆ ಖಾಲಿಯಾದಾಗ ಅಥವಾ ಗ್ಯಾಸ್ ಒಲೆ ಬಂದಾಗ ಆ ರಕ್ಷಣೆ ತಪ್ಪುತ್ತದೆ.

ಜೀರ್ಣೋದ್ಧಾರ

ಜೀರ್ಣೋದ್ಧಾರದಲ್ಲಿ ನಾಲ್ಕು ಕ್ರಮಗಳು ಕಾಣುತ್ತವೆ.

ಇದ್ದಲ್ಲಿಯೇ ದುರಸ್ತಿ: ಮಾಡಿನಿಂದ ಆರಂಭಿಸಿ ಕೆಳಗಿಳಿಯುವುದು ಇದರ ನಿಯಮ. ಹಂಚು ಇಳಿಸಿ, ತೊಳೆದು, ಒಡೆದವನ್ನು ಬೇರ್ಪಡಿಸುತ್ತಾರೆ. ಪಕ್ಕಾಸಿನ ಸೂರಿನ ತುದಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರವನ್ನು ಬೆಸೆಯುತ್ತಾರೆ. ಹಲವು ಪದರ ಎಣ್ಣೆಬಣ್ಣ ಬಳಿದ ಕಂಬಗಳಿಂದ ಬಣ್ಣ ತೆಗೆದು ಗೇರೆಣ್ಣೆ ಅಥವಾ ಬೇರೆ ಎಣ್ಣೆ ಹಚ್ಚುತ್ತಾರೆ. ಗೋಡೆಗೆ ಸುಣ್ಣದ ಗಾರೆಯೇ ಸೂಕ್ತ. ಮಣ್ಣು ಮತ್ತು ಮುರಕಲ್ಲು ಹೀರಿದ ತೇವ ಸುಣ್ಣದ ಮೂಲಕ ಹೊರಹೋಗುತ್ತದೆ. ಸಿಮೆಂಟು ಗಾರೆ ಅದನ್ನು ಒಳಗೇ ತಡೆದು, ಕೊನೆಗೆ ಗಾರೆಯೇ ಹಾಳೆಹಾಳೆಯಾಗಿ ಕಳಚುತ್ತದೆ. ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳನ್ನು ಕೆತ್ತನೆಯಿರುವ ಭಾಗಗಳಿಂದ ದೂರವಿಟ್ಟು, ಹೊಸ ಶೌಚಾಲಯವನ್ನು ಹಿಂಬದಿಗೆ ಸೇರಿಸುತ್ತಾರೆ.

ಬಿಚ್ಚಿ ಬೇರೆಡೆ ಕಟ್ಟುವುದು: ವಿಜಯನಾಥ ಶೆಣೈ ಮಣಿಪಾಲದಲ್ಲಿ ಸ್ಥಾಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದರ ದೊಡ್ಡ ಪ್ರಯೋಗ. ಉರುಳಿಸಲು ಹೊರಟ ಮನೆಗಳ ಅಂಗಗಳನ್ನು ಗುರುತುಹಾಕಿ ಬಿಚ್ಚಿ, ತಂದು ಅಲ್ಲಿ ಮತ್ತೆ ನಿಲ್ಲಿಸಲಾಗಿದೆ. ಹರ್ಕೂರು ಒಳಗಿನಮನೆ, ಮಿಯಾರು ಮನೆ, ಕುಂಜೂರು ಚೌಕಿಮನೆ ಇವುಗಳಲ್ಲಿ ಸೇರಿವೆ. ಶೆಣೈ ಮೊದಲು ತಮ್ಮ ಸ್ವಂತ ಮನೆಯನ್ನೇ ಹಳೆಯ ಕಂಬ–ಬಾಗಿಲುಗಳಿಂದ ಕಟ್ಟಿಕೊಂಡಿದ್ದರು. ಅವರು 2017ರಲ್ಲಿ ನಿಧನರಾದರು.

ಮಾದರಿಯ ಮರುಸೃಷ್ಟಿ: ಮಂಗಳೂರು ಬಳಿಯ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದಲ್ಲಿ ಸಂದರ್ಶಕರಿಗಾಗಿ ಗುತ್ತಿನ ಮನೆಯೊಂದನ್ನು ಸಾಂಪ್ರದಾಯಿಕ ಕ್ರಮದಲ್ಲಿ ಕಟ್ಟಲಾಗಿದೆ.

ಹೊಸ ಬಳಕೆ: ಮಂಗಳೂರಿನ ಬಲ್ಲಾಳ್‌ಬಾಗ್‌ನಲ್ಲಿರುವ ಕೊಡಿಯಾಲಗುತ್ತು ಮನೆ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕದ ಕಲೆ ಮತ್ತು ಸಂಸ್ಕೃತಿ ಕೇಂದ್ರವಾಗಿ ಬಳಕೆಯಲ್ಲಿದೆ.

ಹಳೆಯ ಕಟ್ಟಡವನ್ನು ಹೊಸದರಂತೆ ಮಾಡಬಾರದು, ನಿತ್ಯದ ದುರಸ್ತಿಯಿಂದ ಉಳಿಸಿಕೊಳ್ಳಬೇಕು ಎಂಬ ತತ್ತ್ವವನ್ನು ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡ ಸಂರಕ್ಷಣಾ ಸಂಘ ಸಾರಿತು. ಇದಕ್ಕೆ ಭಿನ್ನವಾಗಿ ತುಳುನಾಡಿನಲ್ಲಿ ಜೀರ್ಣೋದ್ಧಾರ ಎಂಬ ಮಾತಿಗೆ ಹಳತನ್ನು ಕೆಡವಿ ಹೊಸತಾಗಿ ಕಟ್ಟುವುದೂ ಸೇರುತ್ತದೆ. ಅಷ್ಟಮಂಗಲ ಪ್ರಶ್ನೆ ಎಂಬ ಜ್ಯೋತಿಷ್ಯ ವಿಚಾರಣೆಯಲ್ಲಿ ಮೂಲಮನೆಯನ್ನು ಸರಿಪಡಿಸಬೇಕೆಂದು ಕಂಡುಬಂದಾಗ ಕುಟುಂಬದವರು ಹಣ ಕೂಡಿಸಿ ಕೆಲಸ ಕೈಗೊಳ್ಳುತ್ತಾರೆ. ಹೀಗೆ ಕಟ್ಟಿದ ಮನೆಗಳಲ್ಲಿ ಕಾಂಕ್ರೀಟು ತಾರಸಿಯ ಮೇಲೆ ಹಂಚು ಹೊದಿಸುವುದು, ಚಾವಡಿಗೆ ಹಳೆಯ ಕಂಬಗಳನ್ನೇ ಮತ್ತೆ ನಿಲ್ಲಿಸುವುದು, ನೆಲಕ್ಕೆ ಗ್ರಾನೈಟ್ ಹಾಸುವುದು ಸಾಮಾನ್ಯ.

ಇಂದಿನ ಸ್ಥಿತಿ

ಗುತ್ತಿನ ಮನೆಗಳಲ್ಲಿ ಹೆಚ್ಚಿನವು ಖಾಸಗಿ ಒಡೆತನದಲ್ಲಿವೆ. ಪ್ರಾಚೀನ ಸ್ಮಾರಕಗಳಿಗೆ ದೊರೆಯುವ ಕಾನೂನಿನ ರಕ್ಷಣೆ ಇವುಗಳಿಗೆ ಸಾಮಾನ್ಯವಾಗಿ ಇಲ್ಲ. ಕೆಡವಿದ ಮನೆಗಳ ಕಂಬ, ದಾರಂದ ಮತ್ತು ಪತ್ತಾಯಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಮೂಲಕ ಹೋಟೆಲು, ರೆಸಾರ್ಟ್ ಮತ್ತು ನಗರದ ಹೊಸ ಮನೆಗಳಿಗೆ ಸಾಗುತ್ತವೆ. ಹೀಗೆ ಚದುರುವ ಗೃಹಬಳಕೆಯ ವಸ್ತುಗಳ ಸಂಗ್ರಹ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯದಲ್ಲಿದೆ.

ಮರಗೆಲಸದಲ್ಲಿ ಹಳೆಯ ಕೂಡುಗಳನ್ನು ಬಲ್ಲ ಆಚಾರಿಗಳು ಕಡಿಮೆಯಾಗುತ್ತಿದ್ದಾರೆ. ಹಲಸಿನ ದೊಡ್ಡ ಮರ ದುಬಾರಿ. ಚಿಪ್ಪಿನ ಸುಣ್ಣ ಸಿಗುವ ಕಡೆಗಳು ವಿರಳ. ಗುತ್ತುಗಳಿಗೆ ಆಡಳಿತ ಮತ್ತು ನ್ಯಾಯದ ಅಧಿಕಾರ ಈಗ ಇಲ್ಲ, ಆದರೆ ದೈವಾರಾಧನೆಯ ಹೊಣೆ ಉಳಿದಿದೆ. ವರ್ಷವಿಡೀ ಬೀಗ ಹಾಕಿರುವ ಅನೇಕ ಗುತ್ತಿನ ಮನೆಗಳು ನೇಮ, ತೆನೆಹಬ್ಬ ಮತ್ತು ಧರ್ಮದೈವದ ತಂಬಿಲಕ್ಕೆ (ಪೂಜೆಗೆ) ತೆರೆಯುತ್ತವೆ, ಮತ್ತು ಅವುಗಳ ಮಾಡಿನ ದುರಸ್ತಿ ಸಾಮಾನ್ಯವಾಗಿ ಆ ದಿನಗಳಿಗೆ ಮುಂಚೆ ನಡೆಯುತ್ತದೆ.